ಮಾದೇವಮ್ಮನ ನಾಲ್ಕಕ್ಷರ

ಗಂಗಾಧರಸ್ವಾಮಿ ಮೇಷ್ಟ್ರಿಗೆ ಮಕ್ಕಳು ಇಟ್ಟಿದ್ದ ಅಡ್ಡಹೆಸರು ಅಕಾರ ಮೇಷ್ಟ್ರು. ನ್ಯಾಯವಾಗಿ ಅದು ಹಕಾರ ಮೇಷ್ಟ್ರು ಎಂದಾಗಬೇಕಿತ್ತು. ಆದರೆ ಯಾವ ಅಕ್ಷರಕ್ಕಾಗಿ ಅವರು ಮೂವತ್ತನಾಲ್ಕು ವರ್ಷ ಗಂಟಲು ಹರಿದುಕೊಂಡರೋ ಆ ಅಕ್ಷರವನ್ನೇ ನುಂಗಿ ಮಕ್ಕಳು ಹೆಸರಿಟ್ಟಿದ್ದವು. ನಂಜನಗೂಡಿನ ಸುತ್ತಮುತ್ತ ಹುಟ್ಟಿದ ನಾಲಿಗೆಗೂ ಹಕಾರಕ್ಕೂ ಮೊದಲಿನಿಂದ ಎಣ್ಣೆ ಸೀಗೆಕಾಯಿ. ಹಳ್ಳಿ ಅಳ್ಳಿಯಾಗುತ್ತದೆ, ಹಸು ಅಸುವಾಗುತ್ತದೆ, ಹೆಸರು ಎಸ್ರಾಗುತ್ತದೆ. ಇದರಿಂದ ಯಾರ ಮನೆಯೂ ಮುಳುಗಿದ್ದಿಲ್ಲ. ಹಾಲು ಆಲಾದ ಮಾತ್ರಕ್ಕೆ ಟೀ ಕೆಟ್ಟಿದ್ದಿಲ್ಲ. ಮೇಷ್ಟ್ರಿಗೆ ಮಾತ್ರ ಅದು ಕಿವಿಗೆ ಬಿದ್ದರೆ ಅನ್ನದಲ್ಲಿ ಕಲ್ಲು ಸಿಕ್ಕಂತಾಗುತ್ತಿತ್ತು.

ಅದಕ್ಕೆ ಅವರು ಕಂಡುಕೊಂಡಿದ್ದ ಮದ್ದು ಒಂದು ತುಂಡು ಕಾಗದ. ನೋಟ್‌ಬುಕ್ಕಿನ ಹಾಳೆಯನ್ನು ಎರಡು ಬೆರಳಗಲ ಹರಿದು, ಮಗುವಿನ ತುಟಿಯ ಮುಂದೆ ಇಳಿಬಿಟ್ಟು, "ಹ ಅನ್ನು" ಎನ್ನುತ್ತಿದ್ದರು. ಉಸಿರು ತಾಗಿ ಕಾಗದ ಅಲುಗಿದರೆ ಅದು ಹ, ಅಲುಗದಿದ್ದರೆ ಅ. ಅಲುಗುವ ತನಕ ಆ ಮಗುವಿಗೆ ಬಿಡುಗಡೆಯಿಲ್ಲ. ಹೀಗೆ ಹೆದರಿಸಿದ್ದರ ಫಲವಾಗಿ ಕೆಲವು ಮಕ್ಕಳು ಬೇಡದ ಕಡೆಯೂ ಹಕಾರ ತುರುಕಿ ಆನೆಯನ್ನು ಹಾನೆ ಮಾಡುತ್ತಿದ್ದವು, ಬಾಗಿಲಲ್ಲಿ ನಿಂತು "ಹೊಳಗೆ ಬರಲಾ ಸಾರ್" ಎನ್ನುತ್ತಿದ್ದವು. ಉಳಿದ ಮೇಷ್ಟ್ರುಗಳು ಬಿದ್ದು ಬಿದ್ದು ನಗುತ್ತಿದ್ದರು. ಇವರು ನಗುತ್ತಿರಲಿಲ್ಲ. ಜ್ವರ ಬಿಡುವ ಮುಂಚೆ ಬೆವರು ಬರುತ್ತದಲ್ಲ, ಇದೂ ಹಾಗೇ, ಇವತ್ತು ಹಾನೆ ಅಂದವನು ನಾಳೆ ಹಾಲು ಅಂದೇ ಅನ್ನುತ್ತಾನೆ ಎಂಬುದು ಅವರ ವಾದ.

ಇಂಥ ಮನುಷ್ಯ ಇಸ್ಪೀಟು ಮುಟ್ಟಿದ್ದು ನಿವೃತ್ತಿಗೆ ಮೂರು ತಿಂಗಳು ಉಳಿದಿದ್ದಾಗ. ಟಿ. ನರಸೀಪುರದಲ್ಲಿ ನಂಜನಗೂಡು, ನರಸೀಪುರ ಎರಡೂ ತಾಲ್ಲೂಕಿನ ಮೇಷ್ಟ್ರುಗಳಿಗೆ ಮೂರು ದಿನದ ಗಣಿತ ತರಬೇತಿ ಇತ್ತು. ಮನೆಗೆ ಹೋಗುವವನಿಗೆ ಇದೆಂಥ ತರಬೇತಿ ಎಂದು ಗೊಣಗುತ್ತಲೇ ಬಸ್ಸು ಹತ್ತಿ ಹೋಗಿದ್ದರು. ಎರಡನೆಯ ದಿನ ಊಟದ ಬಿಡುವಿನಲ್ಲಿ, ಹೊಂಗೆ ಮರದ ಕೆಳಗೆ ಐದಾರು ಜನ ವಾಂಗಿಭಾತಿನ ತಟ್ಟೆ ಹಿಡಿದು ನಿಂತಿದ್ದಾಗ, ಸೋಸಲೆ ಕಡೆಯ ಶಾಲೆಯ ಅಮೃತೇಶ್ ಎಂಬ ಹೊಸ ಮೇಷ್ಟ್ರು ಜೇಬಿನಿಂದ ಇಸ್ಪೀಟಿನ ಕಟ್ಟು ತೆಗೆದ. ಕೂಡುವ ಕಳೆಯುವ ಲೆಕ್ಕ ಹೇಳಿಕೊಡಲು ಇಟ್ಟುಕೊಂಡಿದ್ದಂತೆ.

"ಒಂದು ಎಲೆ ತೆಗೀರಿ ಸಾರ್. ನೋಡ್ಕೊಂಡು ಕಟ್ಟಿನ ಮೇಲಿಡಿ. ಈಗ ನಿಮ್ಮ ಹೆಸರು ಹೇಳಿ."

"ಗಂಗಾಧರಸ್ವಾಮಿ."

ಅಮೃತೇಶ ಎಲೆಗಳನ್ನು ಕಲೆಸಿದ. ಆಮೇಲೆ ಗಂ, ಗಾ, ಧ, ರ, ಸ್ವಾ, ಮಿ ಎಂದು ಅಕ್ಷರಕ್ಕೊಂದರಂತೆ ಆರು ಎಲೆಗಳನ್ನು ಕಲ್ಲುಬೆಂಚಿನ ಮೇಲೆ ಒಂದರ ಮೇಲೊಂದು ಮಗುಚಿಹಾಕಿ, ಕೊನೆಯದನ್ನು ತಿರುಗಿಸಿ ತೋರಿಸಿದ. ಅದು ಮೇಷ್ಟ್ರ ಎಲೆಯಲ್ಲ. "ನಾನು ಕರೆದ್ರೆ ಬರಲ್ಲ ಅನ್ಸುತ್ತೆ ಸಾರ್. ಹೆಸರಿನ ಯಜಮಾನರು ನೀವು, ನೀವೇ ಕರೀರಿ" ಎಂದು ಆರೂ ಎಲೆಗಳನ್ನು ಎತ್ತಿ ಕಟ್ಟಿನ ಮೇಲಿಟ್ಟು ಅವರ ಕೈಗೆ ಕೊಟ್ಟ. ಮೇಷ್ಟ್ರು ಅನುಮಾನದಿಂದಲೇ ಒಂದೊಂದು ಅಕ್ಷರ ಹೇಳುತ್ತ ಒಂದೊಂದು ಎಲೆ ಇಟ್ಟರು. ಮಿ ಎಂದು ಇಟ್ಟ ಎಲೆಯನ್ನು ತಿರುಗಿಸಿದರೆ, ಅವರದೇ ಆಟೀನ್ ಒಂಬತ್ತು. ಅವರ ಮೈ ಜುಮ್ಮೆಂದಿತು. ಅಕ್ಷರಕ್ಕೆ ಎಲೆ ಓಗೊಟ್ಟಿದ್ದನ್ನು ಅವರು ಜೀವಮಾನದಲ್ಲಿ ಕಂಡಿರಲಿಲ್ಲ.

ಗುಟ್ಟು ಕೇಳಿದರೆ ಇಷ್ಟೇನಾ ಅನ್ನಬೇಕು. ಕಲೆಸುವಾಗ ಕಟ್ಟಿನ ಕೆಳಗಿನ ಅರ್ಧವನ್ನು ಮಾತ್ರ ಕಲೆಸಬೇಕು, ಮೇಲೆ ಇಟ್ಟ ಎಲೆ ಮೇಲೆಯೇ ಇರಬೇಕು. ಮೊದಲ ಸಲ ಹೆಸರು ಹೇಳಿ ಎಲೆ ಹಾಕುವಾಗ ಅದು ಗುಡ್ಡೆಯ ತಳಕ್ಕೆ ಹೋಗುತ್ತದೆ. ಗುಡ್ಡೆಯನ್ನು ತಿರುಗಿ ಕಟ್ಟಿನ ಮೇಲಿಟ್ಟರೆ, ಹೆಸರಿನಲ್ಲಿ ಎಷ್ಟು ಅಕ್ಷರವೋ ಅಷ್ಟನೆಯ ಎಲೆ ಅದೇ. ಅಷ್ಟಕ್ಕೆ ಮುಗಿಯಿತು, ಕೈಚಳಕವಿಲ್ಲ, ಮಂತ್ರವಿಲ್ಲ.

"ಒತ್ತಕ್ಷರ ಒಂದೇ ಲೆಕ್ಕ ಸಾರ್" ಎಂದ ಅಮೃತೇಶ. "ಇನ್ನೊಂದು ಮರೀಬೇಡಿ. ಮೊದಲು ಅವರ ಬಾಯಲ್ಲೇ ಹೆಸರು ಹೇಳಿಸ್ಬೇಕು. ರಿಜಿಸ್ಟರಲ್ಲಿರೋ ಹೆಸರು ಬೇರೆ, ಬಾಯಲ್ಲಿರೋ ಹೆಸರು ಬೇರೆ ಇರುತ್ತೆ."

"ನಂಗೆ ಹೇಳ್ತೀಯೇನಪ್ಪ ಹೆಸರಿನ ವಿಷಯ" ಎಂದು ಮೇಷ್ಟ್ರು ನಕ್ಕರು. ಸಾಯಂಕಾಲ ಬಸ್‌ಸ್ಟ್ಯಾಂಡ್ ಪಕ್ಕದ ಅಂಗಡಿಯಲ್ಲಿ, ಗುರುತಿನವರು ಯಾರೂ ಇಲ್ಲವೆಂದು ಎರಡು ಸಲ ನೋಡಿ ಒಂದು ಕಟ್ಟು ಕೊಂಡರು.

ನಂಜನಗೂಡಿನ ಮನೆಯಲ್ಲಿ ಅವರ ಹೆಂಡತಿ ಸರ್ವಮಂಗಳಾ ಬತ್ತಿ ಹೊಸೆಯುತ್ತ ಕೂತಿದ್ದವರು ಗಂಡನ ಕೈಯಲ್ಲಿದ್ದುದನ್ನು ಕಂಡು ಬಾಯಿಯ ಮೇಲೆ ಬೆರಳಿಟ್ಟರು. "ರಿಟೈರ್ ಆದ್ಮೇಲೆ ಏನ್ಮಾಡ್ತಾರೋ ಅಂತ ಯೋಚ್ನೆ ಇತ್ತು. ಈಗ ಗೊತ್ತಾಯ್ತು ಬಿಡಿ." ಮೇಷ್ಟ್ರು ಅವರ ಮೇಲೆಯೇ ಪ್ರಯೋಗ ಮಾಡಿದರು. ಸ, ರ್ವ, ಮಂ, ಗ, ಳಾ. ಐದು. ಮೊದಲ ದಿನ ಎಲೆಗಳು ಜಾರಿ ನೆಲದ ಪಾಲಾದವು. ನಾಲ್ಕನೆಯ ದಿನಕ್ಕೆ ಕೈ ಹತ್ತಿತು. ಐದು ಅಕ್ಷರ, ಐದು ಎಲೆ. ವಾರದಲ್ಲಿ ಕಣ್ಣು ಮುಚ್ಚಿ ಮಾಡುವಷ್ಟಾದರು.

ಇದನ್ನು ಎಲ್ಲಿ ಮಾಡಬೇಕು ಎಂಬುದು ಅವರ ಮನಸ್ಸಿನಲ್ಲಿ ಮೊದಲೇ ಇತ್ತು. ಅವರು ಹೆಡ್‌ಮೇಷ್ಟ್ರಾಗಿದ್ದ ಶಾಲೆ ದೇವನೂರಿನ ಬಸ್ಸು ಹೋಗುವ ದಾರಿಯ ಒಂದು ಊರಿನಲ್ಲಿ. ಅಲ್ಲಿ ಬಿಸಿಯೂಟ ಬೇಯಿಸುತ್ತಿದ್ದ ಮಹದೇವಮ್ಮ, ನವೆಂಬರ್ ಮೂವತ್ತಕ್ಕೆ ಅರವತ್ತು ತುಂಬುತ್ತದೆಂದು ಕೆಲಸ ಬಿಡಬೇಕಿತ್ತು. ಹತ್ತೊಂಬತ್ತು ವರ್ಷ ಬೇಯಿಸಿದ್ದರು. ಅವರ ಕೈಯ ಸಾರು ಉಂಡ ಹುಡುಗಿಯರು ಈಗ ತಮ್ಮ ಮಕ್ಕಳನ್ನು ಅದೇ ಶಾಲೆಗೆ ತಂದು ಸೇರಿಸುತ್ತಿದ್ದರು. ಮಹದೇವಮ್ಮ ಬಂದ ಹೊಸದರಲ್ಲಿ, ಆ ಬೀದಿಯವರು ಬೇಯಿಸಿದ್ದನ್ನು ನಮ್ಮ ಮಕ್ಕಳು ಉಣ್ಣುವುದಿಲ್ಲ ಎಂದು ಕೆಲವರು ಬಂದು ಗೇಟಿನಲ್ಲಿ ನಿಂತಿದ್ದರು. ಗಂಗಾಧರಸ್ವಾಮಿಯವರು ಕತ್ತಿನ ಲಿಂಗ ಹೊರಕ್ಕೆ ಕಾಣುವಂತೆ ಅಂಗಿಯ ಗುಂಡಿ ಬಿಚ್ಚಿ, ಮಕ್ಕಳ ಸಾಲಿನ ತುದಿಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತು ಮೊದಲ ತುತ್ತು ಉಂಡಿದ್ದರು. ಈ ಸಂಗತಿಯನ್ನು ಅವರು ಎಷ್ಟೋ ಜನರಿಗೆ ಎಷ್ಟೋ ಸಲ ಹೇಳಿಕೊಂಡಿದ್ದಾರೆ. ಹೇಳಿಕೊಳ್ಳಲಿ ಬಿಡಿ, ಮಾಡಿದ್ದು ಒಳ್ಳೆಯದೇ.

ಅವರು ಎಂದೂ ಹೇಳಿಕೊಳ್ಳದ ಇನ್ನೊಂದು ಸಂಗತಿಯೂ ಇತ್ತು. ಹೇಳಿಕೊಳ್ಳುವಂಥದ್ದು ಎಂದು ಅನಿಸಿರಲೇ ಇಲ್ಲ. ಅದೇ ತಿಂಗಳು ಮಹದೇವಮ್ಮ ಹಾಜರಿ ಪುಸ್ತಕದಲ್ಲಿ ಮೊದಲ ಸಲ ಸಹಿ ಹಾಕಿದ್ದರು. ಯಾರ ಹತ್ತಿರವೋ ಕಲಿತುಕೊಂಡು ಬಂದು, ಒಂದೊಂದು ಅಕ್ಷರಕ್ಕೂ ನಾಲಿಗೆ ಕಚ್ಚಿಕೊಂಡು, ಮಾದೇವಮ್ಮ ಎಂದು ಬರೆದಿದ್ದರು. ಮೇಷ್ಟ್ರು ಕೆಂಪು ಪೆನ್ನಿನಿಂದ ಅದರ ಮೇಲೆ ಗೆರೆ ಎಳೆದು, ಪಕ್ಕದಲ್ಲಿ ಮಹದೇವಮ್ಮ ಎಂದು ದುಂಡಗೆ ಬರೆದು, "ಇದು ಸರಿ. ಹೀಗೆ ಬರೀಬೇಕು" ಎಂದಿದ್ದರು. ಅಂದಿನಿಂದ ಆಕೆ ಹಾಗೆಯೇ ಬರೆದರು. ಬರೆದರೇ ಹೊರತು, ಹಾಗೆ ಎಂದೂ ಓದಿರಲಿಲ್ಲ.

ಬೀಳ್ಕೊಡುಗೆಗೆ ಶಾಲು, ಹಾರ, ಭಾಷಣ ಎಂದರೆ ಮಹದೇವಮ್ಮ ಮೊದಲೇ ಕೈ ಅಡ್ಡ ಆಡಿಸಿದ್ದರು. "ಅದೆಲ್ಲ ಬ್ಯಾಡಿ ಸಾ. ವಾರಕ್ಕೊಂದಪ ಬತ್ತಾನೆ ಇರ್ತೀನಲ್ಲಾ, ಮಕ್ಕಳ ಮೊಕ ನೋಡ್ದೆ ನಂಗಿರಕಾಗಕಿಲ್ಲ." ಮೇಷ್ಟ್ರಿಗೂ ಶಾಲು ಸಪ್ಪೆಯೆನಿಸಿತ್ತು. ಹತ್ತೊಂಬತ್ತು ವರ್ಷ ಹೊಗೆಯ ಹಿಂದೆ ನಿಂತಿದ್ದ ಹೆಂಗಸು ಒಂದು ಸಲವಾದರೂ ಎಲ್ಲರ ಮುಂದೆ ನಿಲ್ಲಬೇಕು, ಅವರ ಹೆಸರಿಗೆ ಎಲೆ ಎದ್ದು ಬರಬೇಕು, ಮಕ್ಕಳು ಚಪ್ಪಾಳೆ ತಟ್ಟಬೇಕು. ಇಸ್ಪೀಟು ಕಲಿತದ್ದೇ ಇದಕ್ಕೆ ಎಂಬಷ್ಟು ಆಸೆಯಿತ್ತು ಅವರಿಗೆ. ಮ, ಹ, ದೇ, ವ, ಮ್ಮ. ಹೆಂಡತಿಯದೂ ಐದು, ಮಹದೇವಮ್ಮನದೂ ಐದು. ಹೊಸದಾಗಿ ಅಭ್ಯಾಸ ಮಾಡುವುದೂ ಬೇಕಿರಲಿಲ್ಲ.

ನವೆಂಬರ್ ಮೂವತ್ತರಂದು ಊಟದ ನಂತರ ಅಡುಗೆಮನೆಯ ಜಗುಲಿಯ ಮೇಲೆ ಸಣ್ಣ ಗುಂಪು ಸೇರಿತು. ಇಬ್ಬರು ಟೀಚರುಗಳು, ಇನ್ನೊಬ್ಬ ಅಡುಗೆಯಾಕೆ, ಐದನೆಯ ತರಗತಿಯ ಹನ್ನೊಂದು ಮಕ್ಕಳು. ಆ ಹನ್ನೊಂದರಲ್ಲಿ ಕವನ ಎಂಬುವಳು ಮಹದೇವಮ್ಮನ ಮಗನ ಮಗಳು. ಅಜ್ಜಿಗೆ ತಾಗಿಕೊಂಡು ಮುಂದೆ ಕೂತಿದ್ದಳು. ಮಹದೇವಮ್ಮ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಎಲೆ ತೆಗೆದರು. ತೆಗೆದದ್ದೇನೆಂದು ಅವರಿಗೆ ಹೆಸರು ಗೊತ್ತಿರಲಿಲ್ಲ. ಕವನಳ ಕಿವಿಯಲ್ಲಿ "ಕರೀ ಊವ, ಏಳವೆ" ಎಂದು ಪಿಸುಗುಟ್ಟಿದ್ದು ಎಲ್ಲರಿಗೂ ಕೇಳಿಸಿತು. ಕಳಾವರ್ ಏಳು. ಮೇಷ್ಟ್ರು ಕೇಳಿಸದವರಂತೆ ಎಲೆ ಮೇಲಿಡಿಸಿಕೊಂಡು ಕಲೆಸಿದರು. ಹೆಸರು ಹೇಳಿ ಎಂದು ಕೇಳಲಿಲ್ಲ. ಹತ್ತೊಂಬತ್ತು ವರ್ಷ ತಿಂಗಳು ತಿಂಗಳೂ ನೋಡಿದ ಹೆಸರು, ಕೇಳುವುದೇನು ಬಂತು.

"ಮ. ಹ. ದೇ. ವ. ಮ್ಮ." ಐದನೆಯದನ್ನು ತಿರುಗಿಸಿದರು. ಡೈಮನ್ ಎರಡು. ಮಕ್ಕಳು ಅಯ್ಯೋ ಎಂದವು. ಮೇಷ್ಟ್ರು ಐದೂ ಎಲೆಗಳನ್ನು ಎತ್ತಿ ಕಟ್ಟಿನ ಮೇಲಿಟ್ಟು ಮುಂದೆ ಚಾಚಿದರು. "ನಾನು ಕರೆದ್ರೆ ಬರಲ್ಲ ಕಣ್ರೋ. ಹೆಸರಿನ ಒಡತಿ ಇಲ್ಲಿದ್ದಾರಲ್ಲ. ಮಹದೇವಮ್ಮ, ನೀವೇ ಕರೀರಿ. ಅಕ್ಷರಕ್ಕೊಂದು ಎಲೆ."

ಮಹದೇವಮ್ಮ ಕಟ್ಟನ್ನು ಹಿಡಿದುಕೊಂಡದ್ದು ಮೊರದಲ್ಲಿ ಅಕ್ಕಿ ಹಿಡಿದಷ್ಟು ಜೋಪಾನವಾಗಿ. ಒಮ್ಮೆ ಮೊಮ್ಮಗಳ ಮುಖ ನೋಡಿ, ದೊಡ್ಡ ದನಿಯಲ್ಲಿ ಹೇಳಿದರು. "ಮಾ. ದೇ. ವ. ಮ್ಮ." ನಾಲ್ಕು ಎಲೆ ಇಟ್ಟು, ತಾವೇ ಕೊನೆಯದನ್ನು ತಿರುಗಿಸಿದರು. ಯಾವುದೋ ಕೆಂಪು ಎಲೆ.

ಆಗ ಮೇಷ್ಟ್ರು ಮಾಡಬೇಕಾಗಿದ್ದದ್ದು ಒಂದೇ. ಆಕೆಯ ಎಲೆ ಕಟ್ಟಿನ ಮೇಲ್ಗಡೆಯೇ, ಮುಂದಿನದಾಗಿ, ಕಾದು ಕೂತಿತ್ತು. ಇನ್ನೊಂದು ತೆಗೀರಿ ಎಂದಿದ್ದರೆ ಸಾಕಿತ್ತು. ಹಾಗೆನ್ನಬೇಕು ಎಂದು ಅವರಿಗೆ ಹೊಳೆಯಿತು ಕೂಡ. ಆದರೆ ಮೂವತ್ತನಾಲ್ಕು ವರ್ಷದ ಚಾಳಿ, ನಾಲಿಗೆ ತಲೆಗಿಂತ ಮುಂದೆ ಓಡಿತು.

"ಹ ಎಲ್ಲಿ ಹೋಯ್ತು ಮಹದೇವಮ್ಮ? ಊರ ಮಕ್ಕಳಿಗೆಲ್ಲ ಬಡಿಸಿ ಬಡಿಸಿ, ಕೊನೆಗೆ ನಿಮ್ಮ ಹೆಸರಲ್ಲಿ ಒಂದಕ್ಷರ ನೀವೇ ತಿಂದ್ಬಿಟ್ರಲ್ಲ."

ಎಲ್ಲರೂ ನಕ್ಕರು. ಮಹದೇವಮ್ಮನೂ ಸೆರಗು ಅಡ್ಡ ಹಿಡಿದು ನಕ್ಕರು. ನಗು ಬಿದ್ದರೆ ಮೇಷ್ಟ್ರಿಗೆ ಹುಮ್ಮಸ್ಸು, ಅಲ್ಲಿಗೆ ನಿಲ್ಲಿಸಲಿಲ್ಲ. ಆಕೆ ತಿರುಗಿಸಿದ್ದ ಇಸ್ಪೀಟು ಎಲೆಯನ್ನು ಎತ್ತಿ, ಮಕ್ಕಳಿಗೆ ಕಾಗದ ಹಿಡಿದಂತೆ, ಅರವತ್ತು ವರ್ಷದ ಹೆಂಗಸಿನ ತುಟಿಯ ಮುಂದೆ ಹಿಡಿದರು. "ಹ ಅನ್ನಿ ನೋಡೋಣ."

"ಅ" ಎಂದರು ಮಹದೇವಮ್ಮ.

"ಅಲುಗಲಿಲ್ಲ. ಇನ್ನೊಂದು ಸಲ."

ಆಕೆ ಎದೆಯಲ್ಲಿದ್ದ ಉಸಿರನ್ನೆಲ್ಲ ಕೂಡಿಸಿ ಮತ್ತೆ ಅಂದರು. ಎಲೆ ಅಲುಗಲಿಲ್ಲ. ಮಕ್ಕಳು ತಾವೂ ಅನುಭವಿಸಿದ್ದ ಆಟದಲ್ಲಿ ಈಗ ದೊಡ್ಡವರೊಬ್ಬರು ಸಿಕ್ಕಿಬಿದ್ದಿದ್ದಾರೆಂದು ಉರುಳಾಡಿ ನಕ್ಕವು. ಕವನ ಮಾತ್ರ ನಗಲಿಲ್ಲ. ಅವಳು ಅಜ್ಜಿಯ ಬಾಯನ್ನೇ ನೋಡುತ್ತಿದ್ದಳು. ಅವಳ ತುಟಿಯೂ ಅಜ್ಜಿಯ ಪರವಾಗಿ ಹ, ಹ ಎಂದು ಆಡುತ್ತಿತ್ತು. ಮೂರನೆಯ ಸಲಕ್ಕೆ ಮಹದೇವಮ್ಮ, "ಬುಡಿ ಸಾ, ನನ್ ನಾಲ್ಗೆ ಮೊಂಡಾಗೋಗದೆ. ಪಾತ್ರೆ ಅಂಗೇ ಅವೆ" ಎಂದು ಎದ್ದು ಹೋದರು. ಕೊನೆಯ ದಿನದ ಪಾತ್ರೆಗಳನ್ನೂ ಬೆಳಗಿ, ಕವುಚಿಟ್ಟು, ಹಿಂಬಾಗಿಲಿನಿಂದ ಮನೆಗೆ ಹೋದರು. ಆಕೆ ಹೋದದ್ದು ಮೇಷ್ಟ್ರಿಗೆ ಗೊತ್ತಾಗಿದ್ದು ಬಸ್ಸಿನ ಹೊತ್ತಿಗೆ.

ವಾರಕ್ಕೊಮ್ಮೆ ಬರುತ್ತೇನೆ ಎಂದವರು ಮೊದಲ ವಾರ ಬರಲಿಲ್ಲ. ಎರಡನೆಯ ವಾರವೂ ಬರಲಿಲ್ಲ. ಕವನಳನ್ನು ಕೇಳಿದರೆ "ಅಜ್ಜಿ ಚೆನ್ನಾಗಿದ್ದಾರೆ ಸಾರ್" ಎಂದು ಸ್ಪಷ್ಟವಾಗಿ ಹೇಳಿ ಓಡಿಬಿಡುತ್ತಿದ್ದಳು. ಹೊಸ ಅಡುಗೆಯವಳ ಸಾರಿನಲ್ಲಿ ಉಪ್ಪು ಹೆಚ್ಚೋ ಕಡಿಮೆಯೋ ಮೇಷ್ಟ್ರಿಗೆ ತಿಳಿಯುತ್ತಿರಲಿಲ್ಲ. ತಟ್ಟೆಯಲ್ಲಿ ಮಾತ್ರ ಅರ್ಧ ಉಳಿಯುತ್ತಿತ್ತು.

ಮೂರನೆಯ ವಾರ ಒಂದು ಸಂಜೆ ಮನೆಯಲ್ಲಿ ಒಬ್ಬರೇ ಕೂತು, ಆ ಕಟ್ಟನ್ನು ತೆಗೆದು, ಒಂದು ಎಲೆಯನ್ನು ತಮ್ಮದೇ ತುಟಿಯ ಮುಂದೆ ಹಿಡಿದು "ಹ" ಎಂದರು. ಎಲೆ ಅಲುಗಲಿಲ್ಲ. ಇನ್ನೂ ಜೋರಾಗಿ ಅಂದರು. ಇಸ್ಪೀಟಿನ ಎಲೆ, ದಪ್ಪ ರಟ್ಟು, ಅದೆಲ್ಲಿ ಅಲುಗೀತು. ಹಕಾರದಲ್ಲಿ ಪಂಡಿತನಾದವನ ಉಸಿರಿಗೂ ಅಲುಗದ್ದನ್ನು ಹಿಡಿದು ಆ ಹೆಂಗಸಿಗೆ ಪರೀಕ್ಷೆ ಮಾಡಿದ್ದರು. ಆಕೆ ಎರಡನೆಯ ಸಲ ಸರಿಯಾಗಿಯೇ ಅಂದಿದ್ದರೋ ಏನೋ. ಕಿವಿ ಎಲ್ಲಿ ಕೇಳಿತ್ತು, ಕಣ್ಣು ಎಲೆಯ ಮೇಲಿತ್ತು.

"ಏನ್ರೀ ಅದು, ಒಬ್ರೇ ಹಾ ಹೂ ಅಂತೀರ" ಎಂದು ಸರ್ವಮಂಗಳಾ ಒಳಗಿನಿಂದ ಬಂದರು. ಮೇಷ್ಟ್ರು ನಡೆದದ್ದನ್ನೆಲ್ಲ ಹೇಳಿದರು. ಸರ್ವಮಂಗಳಾ ಗಂಡನ ಕೈಯಲ್ಲಿದ್ದ ಎಲೆಯನ್ನು ತೆಗೆದು ಕಟ್ಟಿಗೆ ಸೇರಿಸಿದರು. ಆಮೇಲೆ, "ಅಟ್ಟ ಮೇಲೆ ಒಲೆ ಉರೀತು, ಕೆಟ್ಟ ಮೇಲೆ ಬುದ್ಧಿ ಬಂತು. ಹೋಗಿ ಒಂದು ಮಾತು ಹೇಳ್ಬಾರದಾ?" ಎಂದರು.

ಶಾಲೆಯಿಂದ ಆಕೆಯ ಮನೆಗೆ ಐದು ನಿಮಿಷದ ದಾರಿ. ಆ ಐದು ನಿಮಿಷ ನಡೆಯಲು ಮೇಷ್ಟ್ರಿಗೆ ಇನ್ನೂ ನಾಲ್ಕು ವಾರ ಬೇಕಾಯಿತು. ಇಷ್ಟು ವರ್ಷದಲ್ಲಿ ಆ ಬೀದಿಗೆ ಅವರು ಹೋಗಿದ್ದು ಜನಗಣತಿಗೆ ಒಂದು ಸಲ, ಮತದಾರರ ಪಟ್ಟಿಗೆ ಎರಡು ಸಲ. ಏನೆಂದು ಹೇಳುವುದು? ತಪ್ಪಾಯಿತು ಎಂದರೆ ಆಕೆ, ಅಯ್ಯೋ ಬುಡಿ ಸಾ ಎಂದು ನಕ್ಕುಬಿಡುತ್ತಾರೆ, ಅಲ್ಲಿಗೆ ಮಾತು ಮುಗಿದುಹೋಗುತ್ತದೆ. ಮಾತಿನಲ್ಲಿ ಆದದ್ದನ್ನು ಮಾತಿನಲ್ಲಿ ಸರಿಮಾಡಲಾಗದು ಎನಿಸಿತು. ಆ ಆಟವನ್ನೇ ಮತ್ತೆ ಆಡಬೇಕು. ಈ ಸಲ ಆಕೆಯ ಹೆಸರನ್ನು ಆಕೆ ಕರೆಯುವಂತೆಯೇ ಕರೆದು, ಆಕೆಯ ಎಲೆ ಆಕೆಯ ಕೈಗೆ ಬರುವಂತೆ ಮಾಡಬೇಕು. ಮೇಷ್ಟ್ರು ಕನ್ನಡಿಯ ಮುಂದೆ ನಿಂತು ಅಭ್ಯಾಸ ಮಾಡಿದರು. ಮಾ, ದೇ, ವ, ಮ್ಮ. ಹಕಾರ ಬಿಡುವುದು ಅವರ ನಾಲಿಗೆಗೆ ಎಷ್ಟು ಕಷ್ಟವೆಂದರೆ, ಮೊದಲ ದಿನ ಪ್ರತಿ ಸಲವೂ ಐದೇ ಆಗುತ್ತಿತ್ತು. ಒಂದು ವಾರದ ಮೇಲೆ ಮಾದೇವಮ್ಮ ಎಂಬ ಹೆಸರು ಬಾಯಲ್ಲಿ ಕೂತಿತು. ಕೂತ ಮೇಲೆ, ಇದೂ ಒಳ್ಳೆಯ ಹೆಸರೇ, ಕರೆಯಲು ಹತ್ತಿರವಾಗಿದೆ ಎಂದು ಅವರಿಗೇ ಅನಿಸಿತು.

ಸಂಕ್ರಾಂತಿ ನೆವವಾಯಿತು. ಹಬ್ಬದ ಮಾರನೆಯ ದಿನ ಶಾಲೆ ಬಿಟ್ಟ ಮೇಲೆ, ಸರ್ವಮಂಗಳಾ ಕಟ್ಟಿಕೊಟ್ಟಿದ್ದ ಎಳ್ಳುಬೆಲ್ಲದ ಪೊಟ್ಟಣ ಒಂದು ಜೇಬಿನಲ್ಲಿ, ಇಸ್ಪೀಟು ಇನ್ನೊಂದು ಜೇಬಿನಲ್ಲಿ ಹಾಕಿಕೊಂಡು ಹೊರಟರು. ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡು ಎನ್ನುತ್ತಾರೆ. ಒಳ್ಳೆ ಮಾತು ಹೊರಡದಿದ್ದರೆ ಎಳ್ಳುಬೆಲ್ಲವಾದರೂ ಇರಲಿ ಎಂದು ಅವರ ಲೆಕ್ಕಾಚಾರ.

ಮಾದೇವಮ್ಮ ಬಾಗಿಲಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ಮೇಷ್ಟ್ರನ್ನು ಕಂಡು ದಡಬಡಿಸಿ ಎದ್ದರು, ಮಡಿಲಿನ ಕಾಳೆಲ್ಲ ನೆಲಕ್ಕೆ ಚೆಲ್ಲಿತು.

"ಬನ್ನಿ ಸಾ. ಹೊಳಗೆ ಬನ್ನಿ."

ಗಾಬರಿಗೆ ಬಾಯಿ ತಪ್ಪಿರಬೇಕು ಎಂದುಕೊಂಡು ಮೇಷ್ಟ್ರು ಒಳಗೆ ಹೋದರು. ಗೋಡೆಯ ಮೇಲೆ ಬುದ್ಧನ ಪಟ, ಅದರ ಕೆಳಗೆ ಕವನಳ ಪುಸ್ತಕದ ಚೀಲ. ಕವನ ಚಾಪೆ ಹಾಸಿದಳು. ಎಳ್ಳುಬೆಲ್ಲದ ಪೊಟ್ಟಣವನ್ನು ಮಾದೇವಮ್ಮ ಎರಡೂ ಕೈಯಲ್ಲಿ ತೆಗೆದುಕೊಂಡರು.

"ಶಾಲೆ ಕಡೆ ಬರ್ಲೇ ಇಲ್ವಲ್ಲ ನೀವು" ಎಂದರು ಮೇಷ್ಟ್ರು.

"ಬತ್ತೀನಿ ಸಾ. ವಸಿ ಕೆಲ್ಸ ಇತ್ತು."

"ಅವತ್ತು ನನ್ನ ಆಟ ಸರಿಯಾಗ್ಲಿಲ್ಲ. ತಪ್ಪು ನಂದೇ, ನಿಮ್ಮದಲ್ಲ. ಇನ್ನೊಂದ್ಸಲ ಮಾಡೋಣ ಅಂತ ಬಂದೆ" ಎಂದು ಮೇಷ್ಟ್ರು ಕಟ್ಟು ತೆಗೆದರು. ಮಾದೇವಮ್ಮ ಮೊಮ್ಮಗಳ ಕಡೆ ತಿರುಗಿ ಒಂದು ನೋಟ ನೋಡಿದರು. ಕವನ ತಲೆಯಾಡಿಸಿದಳು. ಅದರ ಅರ್ಥ ಮೇಷ್ಟ್ರಿಗೆ ಆಗ ಆಗಲಿಲ್ಲ.

ಆಕೆ ಎಲೆ ತೆಗೆದು, ನೋಡಿ, ಮೇಲಿಟ್ಟರು. ಮೇಷ್ಟ್ರು ಕಲೆಸಿದರು. ಜೀವಮಾನದಲ್ಲಿ ಮೊದಲ ಸಲ, ಇನ್ನೊಬ್ಬರಿಗೆ ಕೇಳುವಂತೆ, ಹಕಾರ ಬಿಟ್ಟು ಹೇಳಿದರು. "ಮಾ. ದೇ. ವ. ಮ್ಮ."

"ಸಾರ್, ಹ ಬಿಟ್ರಿ" ಎಂದಳು ಕವನ.

"ಸುಮ್ನಿರವ್ವ" ಎಂದು ಮಾದೇವಮ್ಮ ಗದರಿದರು. ಆಮೇಲೆ ದನಿ ಇಳಿಸಿ, "ಎಡ್ಮೇಷ್ಟ್ರಿಗೆ ಗೊತ್ತಿಲ್ದೆ ಬುಟ್ಟಾರಾ? ನಂಗೆ ಪರೀಕ್ಸೆ ಮಾಡ್ತಾವ್ರೆ" ಎಂದರು.

ಹಾಗಲ್ಲ ಎಂದು ಮೇಷ್ಟ್ರು ಬಾಯಿ ತೆರೆದರು. ಏನೆಂದು ಹೇಳುವುದಿತ್ತು? ನೀವು ತಪ್ಪಾಗಿ ಹೇಳುತ್ತೀರಿ ಎಂದುಕೊಂಡು ನಾನೂ ತಪ್ಪಾಗಿಯೇ ಹೇಳಿದೆ ಎನ್ನುವುದೇ? ಅಷ್ಟರಲ್ಲಿ ಮಾದೇವಮ್ಮ ನಾಲ್ಕೂ ಎಲೆಗಳನ್ನು ತಾವೇ ಎತ್ತಿ ಕಟ್ಟಿನ ಮೇಲಿಟ್ಟುಕೊಂಡು, ಬೆನ್ನು ನೇರ ಮಾಡಿ, ಬುದ್ಧನ ಪಟದ ಮುಂದೆ ಕೂತ ಹಾಗೆ ಕೂತಿದ್ದರು.

"ಮ" ಎಂದು ಒಂದು ಎಲೆ ಇಟ್ಟರು. ಆಮೇಲೆ ಕಣ್ಣು ಮುಚ್ಚಿ, ಉಸಿರು ಎಳೆದುಕೊಂಡು, "ಹ" ಎಂದರು. ಎದುರಿಗೆ ಕೂತ ಮೇಷ್ಟ್ರಿಗೆ ಆ ಉಸಿರು ತಾಗಿತು. ಕಾಗದವೇನು, ಬಾಗಿಲ ಪರದೆಯೂ ಅಲುಗುವಂಥ ಹಕಾರ. "ದೇ. ವ. ಮ್ಮ." ಐದು ಎಲೆಗಳಾದವು. ಆಕೆಯ ಎಲೆ ನಾಲ್ಕನೆಯದಾಗಿ ಬಂದು, ಐದನೆಯದರ ಕೆಳಗೆ ಮುಚ್ಚಿಹೋಗಿತ್ತು.

ಐದನೆಯದನ್ನು ತಿರುಗಿಸಿ ನೋಡಿ ಮಾದೇವಮ್ಮ, "ನನ್ನೆಲೆ ಬರ್ನಿಲ್ಲ ಸಾ" ಎಂದರು. ಅದರಿಂದ ಬೇಜಾರಾದಂತೆ ಕಾಣಲಿಲ್ಲ. ಮುಖ ಅರಳಿತ್ತು. "ಎಲೆ ಓಗ್ಲಿ ಬುಡಿ. ಹೆಸರು ಸರಿಯಾಗ್ ಹೇಳಿದ್ನಾ?"

"ನಾನೇ ಕಲಿಸಿದ್ದು ಸಾರ್" ಎಂದಳು ಕವನ. "ದಿನಾ ಸಂಜೆ ಕಾಗದ ಹಿಡಿದು. ಅಜ್ಜಿ ಪೂರ್ತಿ ಕಲಿತ ಮೇಲೇನೇ ಶಾಲೆಗೆ ಬರೋದು ಅಂದಿದ್ರು."

ಮೇಷ್ಟ್ರು ಆ ಐದು ಎಲೆಗಳ ಕಡೆ ನೋಡಿದರು. ಮೇಲಿನದನ್ನು ಸರಿಸಿ, ಅದರ ಕೆಳಗಿನದನ್ನು ಎತ್ತಿ ತೋರಿಸಿದರೆ ಆಗುತ್ತಿತ್ತು. ತೋರಿಸಿದರೆ, ಏಳು ವಾರ ಕಲಿತದ್ದೇ ಎಲೆ ತಪ್ಪಿಸಿತು ಎಂದು ಹೇಳಿದ ಹಾಗಾಗುತ್ತಿತ್ತು. ಮತ್ತೊಮ್ಮೆ ತಪ್ಪು ಎಂದ ಹಾಗೆ.

"ಸರಿಯಾಗಿ ಹೇಳಿದ್ರಿ" ಎಂದರು. "ನನ್ನ ಆಟವೇ ಸರಿಯಿಲ್ಲ."

ಎಲೆಗಳನ್ನು ಗುಡಿಸಿ ಜೇಬಿಗೆ ಹಾಕಿಕೊಂಡರು. ಮಾದೇವಮ್ಮ ಟೀ ಕಾಯಿಸಿ ತಂದು ಕೊಟ್ಟರು, ಹಾಲು ಸ್ವಲ್ಪ ಕಡಿಮೆಯಾಯಿತು ಎಂದು ಹಾಲಿನ ಹಕಾರವನ್ನು ಒತ್ತಿ ಹೇಳಿ ಮೊಮ್ಮಗಳ ಮುಖ ನೋಡಿದರು. ಮೇಷ್ಟ್ರಿಗೆ ಹೋಗುವ ಮುಂಚೆ ಒಂದೇ ಒಂದು ಸಲ ಆ ನಾಲ್ಕಕ್ಷರವನ್ನು ಆಕೆಯ ಬಾಯಲ್ಲಿ ಕೇಳಬೇಕೆನಿಸಿತು.

"ನಿಮ್ಮವ್ವ ನಿಮ್ಮನ್ನ ಏನಂತ ಕರೀತಿದ್ರು?" ಎಂದು ಕೇಳಿದರು.

ಆ ಹೆಸರು ಮಾದೇವಮ್ಮನ ತುಟಿಯ ತನಕ ಬಂದದ್ದು ಕಾಣಿಸಿತು. ಆಮೇಲೆ ಸೆರಗಿನಿಂದ ಬಾಯಿ ಒರೆಸಿಕೊಂಡರು.

"ನಮ್ಮವ್ವ ಓದಿರ್ನಿಲ್ಲ ಸಾ" ಎಂದರು. "ಪಾಪ, ಅದು ತಪ್ಪಾಗಿ ಕರೀತಿತ್ತು."